ಎರಡು ಸುಳಿ ಇರುವ ತಲೆಗೆ ಯಾರ ಕತ್ತರಿ ಸರಿ? ಮಾಲ್ ಸಲೂನ್, ಮನೆ ಸರ್ವಿಸ್, ಏರಿಯಾದ ಕಟಿಂಗ್ ಶಾಪ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ ಹತ್ತಿರ ಇರುವ ಮೂರು ಕುರ್ಚಿಯ ಕಟಿಂಗ್ ಶಾಪ್‌ಗೆ. ಮಾಲ್‌ನ ಎಸಿ ಸಲೂನಿಗೂ ಹೋಗಿದ್ದೇನೆ, ಆ್ಯಪ್‌ನಲ್ಲಿ ಬುಕ್ ಮಾಡಿ ಮನೆಗೂ ಕರೆಸಿದ್ದೇನೆ.

ನನಗೆ ನೆತ್ತಿಯ ಹಿಂದೆ ಎರಡು ಸುಳಿ. ಎರಡು ಸುಳಿ ಇದ್ದರೆ ಎರಡು ಮದುವೆ ಅಂತಾರೆ ಹಳಬರು. ಅದು ಹೇಗೋ ಏನೋ, ಕಟಿಂಗ್ ಮಾಡಿಸುವಾಗ ಮಾತ್ರ ದೊಡ್ಡ ತಲೆನೋವು. ಸುಳಿಗಳ ನಡುವಿನ ಕೂದಲು ಒಂದೊಂದು ಒಂದೊಂದು ಕಡೆ ತಿರುಗಿರುತ್ತದೆ. ಉದ್ದ ಇದ್ದಷ್ಟು ದಿನ ಅದರ ಭಾರಕ್ಕೇ ಮಲಗಿರುತ್ತದೆ, ಗಿಡ್ಡ ಆಯ್ತೋ ನೆಟ್ಟಗೆ ಎದ್ದು ನಿಲ್ಲುತ್ತದೆ.

ಮಾಲ್‌ನಲ್ಲಿ ಆಗಿದ್ದೇ ಇದು. ಕೂತ ತಕ್ಷಣ ತಲೆ ತೊಳೆದು, ಕಂಡೀಷನರ್ ಹಾಕಿದರು. ಒದ್ದೆ ಕೂದಲು ಚಪ್ಪಟೆಯಾಗಿ ಅಂಟಿಕೊಂಡಿತ್ತು, ಸುಳಿ ಎಲ್ಲಿಂದ ಕಾಣಬೇಕು? ನಾನು ಬಾಯಿಬಿಟ್ಟು ಹೇಳಿದೆ. 'ಓಕೆ ಸರ್' ಅಂದು ಮಷಿನ್‌ಗೆ 3ನೇ ನಂಬರ್ ಹಾಕಿ ನೆತ್ತಿಯವರೆಗೂ ಎಳೆದುಬಿಟ್ಟರು. ಅಂದರೆ ಸುಮಾರು 10 ಮಿಲಿಮೀಟರ್ ಅಷ್ಟೇ ಉಳಿಯಿತು. ಜೆಲ್ ಹಚ್ಚಿ ಕಳಿಸಿದ್ದರಿಂದ ಅವತ್ತು ಗೊತ್ತಾಗಲಿಲ್ಲ. ಮಾರನೇ ದಿನ ಸ್ನಾನ ಆದಮೇಲೆ ನೋಡಿದರೆ ಹಿಂದೆ ಕೋಳಿ ಜುಟ್ಟು! ಕೂದಲು ತಿಂಗಳಿಗೆ ಬೆಳೆಯುವುದೇ ಒಂದು ಸೆಂಟಿಮೀಟರ್ ಚಿಲ್ಲರೆ. ಕಾಯುವುದು ಬಿಟ್ಟು ಬೇರೆ ದಾರಿ ಇಲ್ಲ.

ಇನ್ನೊಮ್ಮೆ ಹೋಗಿ ವಿವರವಾಗಿ ಹೇಳೋಣ ಅಂದರೆ ಆ ಹುಡುಗ ಕೆಲಸ ಬಿಟ್ಟಿದ್ದ. ಹೊಸಬರಿಗೆ ಮತ್ತೆ ಅ ಆ ಇ ಈಯಿಂದ ಶುರು ಮಾಡಬೇಕು. ನನಗೆ ಸಿಟ್ಟು ಬಂದಿದ್ದು ಇದಕ್ಕೇ. ಸಲೂನ್ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18%ರಿಂದ 5%ಕ್ಕೆ ಇಳಿದಿದೆ ನಿಜ, ಆದರೂ ಅಲ್ಲಿನ ಒಂದು ಬಿಲ್‌ನಲ್ಲಿ ನಮ್ಮ ಏರಿಯಾದಲ್ಲಿ ಮೂರು ಸಲ ಕಟಿಂಗ್ ಆಗುತ್ತದೆ.

ಮನೆ ಸರ್ವಿಸ್ ಅಪ್ಪನಿಗೆ ಸರಿಹೋಯಿತು, ಅವರಿಗೆ ಮಂಡಿನೋವು. ನನಗಲ್ಲ. ಹಾಲ್‌ನ ಟ್ಯೂಬ್‌ಲೈಟ್ ಬೆಳಕು ಸಾಲಲಿಲ್ಲ, ಬರುವವರೂ ಪ್ರತಿ ಸಲ ಬೇರೆಯವರು.

ಕಟಿಂಗ್ ಶಾಪ್‌ನವರು ಮೊದಲ ದಿನವೇ ನೀರು ಚಿಮುಕಿಸುವ ಮುಂಚೆ ಒಣ ಕೂದಲಲ್ಲಿ ಬೆರಳಾಡಿಸಿ ನೋಡಿದರು. 'ಡಬಲ್ ಸುಳಿ ಇದೆ ಸರ್, ಇಲ್ಲಿ ಮಷಿನ್ ಬೇಡ' ಅಂದರು. ಕಿವಿಯ ಮಟ್ಟದವರೆಗೆ ಮಾತ್ರ ಮಷಿನ್, ಮೇಲೆಲ್ಲ ಬಾಚಣಿಗೆ, ಕತ್ತರಿ. ಸುಳಿ ಹತ್ತಿರ ಒಂದಿಂಚು ಉದ್ದ ಬಿಟ್ಟು, ಕೂದಲು ತಿರುಗಿದ ಕಡೆಗೇ ಬಾಚಿ ಸ್ವಲ್ಪ ಸ್ವಲ್ಪವೇ ತೆಗೆದರು. ಆಮೇಲೆ ಹಿಂದೆ ಕನ್ನಡಿ ಹಿಡಿದು ತೋರಿಸಿದರು. ಕುತ್ತಿಗೆ ಕೆರೆಯಲು ಹೊಸ ಬ್ಲೇಡನ್ನು ನಮ್ಮೆದುರೇ ಮುರಿದು ಕತ್ತಿಗೆ ಹಾಕಿಕೊಳ್ಳುತ್ತಾರೆ.

ಭಾನುವಾರ ವಿಪರೀತ ರಶ್, ಮಂಗಳವಾರ ರಜೆ, ಟಿವಿ ಸೌಂಡ್ ಜಾಸ್ತಿ. ವಾರದ ಮಧ್ಯೆ ಮಧ್ಯಾಹ್ನ ಹೋದರೆ ಆರಾಮ.

ನಾನು ಜೆಲ್ ಮುಟ್ಟುವವನಲ್ಲ, ಸ್ನಾನ ಮಾಡಿ ಬಾಚಿಕೊಂಡು ಹೊರಡಬೇಕು ಅಷ್ಟೇ. ಕಲರ್, ಸ್ಮೂತ್‌ನಿಂಗ್ ಬೇಕಾದವರು ಮಾಲ್‌ಗೇ ಹೋಗಿ. ಬರೀ ಕಟಿಂಗ್ ಆದರೆ ಎಣ್ಣೆ, ಜೆಲ್ ಇಲ್ಲದೆ ಒಣ ಕೂದಲಲ್ಲಿ ಹೋಗಿ ಕೂತುಕೊಳ್ಳಿ. 'ಎಷ್ಟನೇ ನಂಬರ್?' ಅಂತ ಕೇಳುವ ಮುಂಚೆ ನೆತ್ತಿ ಮುಟ್ಟಿ ನೋಡುವವರು ಸಿಕ್ಕರೆ, ಅವರ ಫೋನ್ ನಂಬರ್ ಇಸ್ಕೊಳ್ಳಿ. ನಾಳೆ ಅವರು ಅಂಗಡಿ ಬದಲಿಸಿದರೂ ಅಲ್ಲಿಗೇ ಹೋಗಬಹುದು, ಅಲ್ವಾ?