ಗಿಟಾರ್ ಹಾರ್ಮೋನಿಕ್ಸ್ ಬರೆಯೋಕೆ ಯಾವುದು ಒಳ್ಳೇದು? ನನ್ನ ಓಟು ಲಿಲಿಪಾಂಡ್‌ಗೆ

ಮೊದಲೇ ಹೇಳಿಬಿಡುತ್ತೇನೆ, ಸಂಗೀತದ ಸ್ವರಲಿಪಿ ಬರೆಯುವ ಸಾಫ್ಟ್‌ವೇರ್‌ಗಳಲ್ಲಿ ನನಗೆ ಹಿಡಿಸಿದ್ದು ಲಿಲಿಪಾಂಡ್. ಶಿವಮೊಗ್ಗದಲ್ಲಿ ಮನೆಯಲ್ಲೇ ಗಿಟಾರ್ ಕ್ಲಾಸ್ ನಡೆಸುತ್ತೇನೆ. ಮಕ್ಕಳಿಗೆ ಪಾಠ ಬರೆದುಕೊಡಲು ಹೋದ ವರ್ಷ ದುಡ್ಡು ಕೊಟ್ಟು ಒಂದು ಸಾಫ್ಟ್‌ವೇರ್ ತಗೊಂಡೆ. ಆರು ಮಕ್ಕಳ ಒಂದು ತಿಂಗಳ ಫೀಸು ಅದಕ್ಕೇ ಹೋಯಿತು. ಅದರ ಹೆಸರು ಬೇಡ. ಆಮೇಲೆ ಪುಕ್ಕಟೆ ಸಿಗುವ ಮ್ಯೂಸ್‌ಸ್ಕೋರ್, ಲಿಲಿಪಾಂಡ್ ಎರಡನ್ನೂ ಬಳಸಿ ನೋಡಿದೆ.

ತೊಂದರೆ ಬಂದಿದ್ದು ಒಂದೇ ಕಡೆ. ತಂತಿಯನ್ನು ಒತ್ತದೆ, ಗಿಟಾರ್ ಕತ್ತಿನ ಮೇಲಿನ ಅಡ್ಡ ಕಂಬಿಯ (ಫ್ರೆಟ್) ನೇರಕ್ಕೆ ಬೆರಳು ಸುಮ್ನೆ ತಾಗಿಸಿ ಮೀಟಿದರೆ ಗಂಟೆಯ ಹಾಗೆ ನಾದ ಬರುತ್ತದಲ್ಲ, ಅದು ಹಾರ್ಮೋನಿಕ್ಸ್. ನಾಲ್ಕನೇ ತಂತಿ ತಗೊಳ್ಳಿ. ಎಲ್ಲೂ ಮುಟ್ಟದೆ ಬಿಟ್ಟು ಮೀಟಿದರೆ ಡಿ ಸ್ವರ. 12ನೇ ಫ್ರೆಟ್ ತಂತಿಯ ಅರ್ಧ, ಅಲ್ಲಿ ಒತ್ತಿದರೂ ತಾಗಿಸಿದರೂ ಮೇಲಿನ ಡಿ. 7ನೇ ಫ್ರೆಟ್ ಮೂರರಲ್ಲೊಂದು ಭಾಗ. ಒತ್ತಿದರೆ ಎ, ತಾಗಿಸಿದರೆ ಅದಕ್ಕಿಂತ ಒಂದು ಆಕ್ಟೇವ್ (ಸ್ಥಾಯಿ) ಮೇಲಿನ ಎ. 5ನೇ ಫ್ರೆಟ್ ಕಾಲು ಭಾಗ. ಇಲ್ಲಿ ಒತ್ತಿದರೆ ಜಿ, ತಾಗಿಸಿದರೆ ಬಿಟ್ಟ ತಂತಿಗಿಂತ ಎರಡು ಆಕ್ಟೇವ್ ಮೇಲಿನ ಡಿ. ಸ್ವರವೇ ಬೇರೆ!

ದುಡ್ಡು ಕೊಟ್ಟ ಸಾಫ್ಟ್‌ವೇರ್‌ನಲ್ಲಿ 5ನೇ ಫ್ರೆಟ್ ಹಾಕಿ ನೋಟಿನ (ಸ್ವರದ ಗುರುತಿನ) ತಲೆಯನ್ನು ಡೈಮಂಡ್ ಆಕಾರ ಮಾಡಿದೆ, ಹಾರ್ಮೋನಿಕ್ಸ್ ಗುರುತು ಅದೇ. ಡೈಮಂಡ್ ಜಿ ಜಾಗದಲ್ಲಿ ಕೂತಿತು. ಸಾಫ್ಟ್‌ವೇರ್ ನುಡಿಸಿದ್ದೂ ಜಿ ಅನ್ನೇ. ನಾನು ಕೇಳಿ ನೋಡದೆ ಆ ಆಡಿಯೋ, ಆ ಹಾಳೆ ಎರಡನ್ನೂ ತೀರ್ಥಹಳ್ಳಿಯ ಒಬ್ಬ ಹುಡುಗಿಗೆ ವಾಟ್ಸಾಪ್ ಮಾಡಿದೆ. ಜುಲೈ ಮಳೆ, ಆ ಭಾನುವಾರ ಅವಳಿಗೆ ಕ್ಲಾಸಿಗೆ ಬರಲಾಗಲಿಲ್ಲ. ಮುಂದಿನ ವಾರ ಬಂದವಳು, "ಸರ್, ನಂಗೆ ಡಿ ನೇ ಬರ್ತಿದೆ, ಜಿ ಬರ್ತಾನೇ ಇಲ್ಲ. ಬೆರಳು ತಪ್ಪಿಡ್ತಿದ್ದೀನಾ?" ಎಂದಳು. ಹಾಳೆಯಲ್ಲಿ ಆ ನೋಟಿನ ಕೆಳಗೆ ಪೆನ್ಸಿಲ್‌ನಲ್ಲಿ ಡಿ ಎಂದು ಬರೆದು, ಅಳಿಸಿ ಜಿ ಎಂದು ಬರೆದು, ಮತ್ತೆ ಅಳಿಸಿ, ಕಾಗದವೇ ತೂತಾಗಿತ್ತು. ಬೆರಳು ಸರಿಯಾದ ಜಾಗದಲ್ಲೇ ಇತ್ತು. ಒಂದು ವಾರ ಆ ಮಗು ತನ್ನ ಕಿವಿಯನ್ನೇ ನಂಬಲಿಲ್ಲ ಎನ್ನುವುದು ನನಗೆ ಈಗಲೂ ಸಂಕಟ.

ಮ್ಯೂಸ್‌ಸ್ಕೋರ್‌ನಲ್ಲಿ ನಾನು ಬೇರೆ ದಾರಿ ಹಿಡಿದೆ. ಕೇಳುವ ಸ್ವರವನ್ನೇ ಬರೆದು, ಮೇಲೆ ಹಾರ್ಮೋನಿಕ್ಸ್ ಗುರುತಿಗೆ ಒಂದು ಸಣ್ಣ ಸೊನ್ನೆ ಇಟ್ಟು, ಪಕ್ಕದಲ್ಲಿ ತಂತಿ ಮತ್ತು ಫ್ರೆಟ್ಟಿನ ನಂಬರ್ ಟೈಪ್ ಮಾಡುವುದು. ಸದ್ದು ಸರಿಯಾಗಿ ಬರುತ್ತದೆ. ಬರೀ ಸ್ಟಾಫ್ (ಐದು ಗೆರೆಯ ಸ್ವರಲಿಪಿ) ಸಾಕು ಎನ್ನುವವರಿಗೆ ಇಷ್ಟೇ ಸಾಕು. ಆದರೆ ಟ್ಯಾಬ್ (ತಂತಿಗೊಂದು ಗೆರೆ, ಅದರ ಮೇಲೆ ಫ್ರೆಟ್ ನಂಬರ್) ಜೋಡಿಸಿದ್ದರೆ ಆ ಡಿ ಮೊದಲ ತಂತಿಯ 10ನೇ ಫ್ರೆಟ್‌ಗೆ ಹೋಗುತ್ತದೆ. ಅದು ಆ ಸ್ವರದ ಮಾಮೂಲಿ ಜಾಗ, ಅಲ್ವಾ? ನನ್ನ ಮಕ್ಕಳು ನೋಡುವುದೇ ಟ್ಯಾಬ್.

ಲಿಲಿಪಾಂಡ್‌ಗೆ ಈ ಲೆಕ್ಕ ಗೊತ್ತು. ಅದರಲ್ಲಿ ಮೌಸ್ ಕೆಲಸವಿಲ್ಲ, ಎಲ್ಲ ಟೈಪ್ ಮಾಡಬೇಕು. 'ಹಾರ್ಮೋನಿಕ್ ಬೈ ಫ್ರೆಟ್' ಎಂಬ ಕಮಾಂಡ್ ಕೊಟ್ಟು, 5 ಎಂದು ಬರೆದು, ಬಿಟ್ಟ ತಂತಿಯ ಡಿ ಬರೆದು, ನಾಲ್ಕನೇ ತಂತಿ ಎಂದರೆ ಮುಗಿಯಿತು. ಸ್ಟಾಫ್‌ನಲ್ಲಿ ನಿಜವಾಗಿ ಕೇಳುವ ಡಿ ಡೈಮಂಡ್ ಆಗಿ ಬರುತ್ತದೆ. ಟ್ಯಾಬ್‌ನಲ್ಲಿ ನಾಲ್ಕನೇ ತಂತಿಯ ಮೇಲೆ ಚೂಪು ಕಂಸದೊಳಗೆ 5. ಕಣ್ಣಿಗೂ ಕಿವಿಗೂ ಜಗಳವಿಲ್ಲ. ಮೊದಲ ಸಲ ಆ ಹಾಳೆ ಪ್ರಿಂಟ್ ಆದಾಗ ನನಗಾದ ಖುಷಿ ಹೇಳತೀರದು.

ಕಷ್ಟ ಇಲ್ಲವೆಂದಲ್ಲ. ಒಂದು ಬ್ರಾಕೆಟ್ ಮುಚ್ಚದಿದ್ದರೆ ಎರರ್ ಬರುತ್ತದೆ. ಫ್ರೆಸ್ಕೊಬಾಲ್ಡಿ ಎಂಬ ಎಡಿಟರ್ ಹಾಕಿಕೊಂಡರೆ ತಪ್ಪು ಹುಡುಕುವುದು ಸುಲಭ. ಬರೆಯುತ್ತಲೇ ಕೇಳುವ ಅಭ್ಯಾಸವಿದ್ದವರಿಗೆ ಮ್ಯೂಸ್‌ಸ್ಕೋರೇ ಆರಾಮ. ಆದರೆ ಲಿಲಿಪಾಂಡ್‌ನದು ಬರೀ ಅಕ್ಷರದ ಸಣ್ಣ ಫೈಲ್ ಆದ್ದರಿಂದ ಸಿಗ್ನಲ್ ಒಂದೇ ಕಡ್ಡಿ ಇದ್ದಾಗಲೂ ಕಳಿಸಬಹುದು, ಮಲೆನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಈಗ ಮಾಮೂಲಿ ಪಾಠ ಮ್ಯೂಸ್‌ಸ್ಕೋರ್‌ನಲ್ಲಿ, ಹಾರ್ಮೋನಿಕ್ಸ್ ಇರುವ ಪಾಠ ಲಿಲಿಪಾಂಡ್‌ನಲ್ಲಿ. ದುಡ್ಡು ಕೊಟ್ಟಿದ್ದನ್ನು ತೆರೆದು ತಿಂಗಳುಗಳಾದವು. ತೀರ್ಥಹಳ್ಳಿಯ ಹುಡುಗಿಗೆ ಹೊಸ ಹಾಳೆ ಕೊಟ್ಟೆ. 5ನೇ ಫ್ರೆಟ್ ಮೇಲೆ ಬೆರಳು ತಾಗಿಸಿ ಮೀಟಿ, ಹಾಳೆ ನೋಡಿ, "ಡಿ ನೇ ಸರ್" ಎಂದಳು.