ಓಟಕ್ಕೆ ಬೀಥೋವನ್ ಏಳನೇ ಸಿಂಫನಿ: ನಾಲ್ವರು ಕಂಡಕ್ಟರುಗಳ ಹೋಲಿಕೆ

ಓಡುವಾಗ ಕೇಳಲು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಹುಡುಕುವವರು ಸಾಮಾನ್ಯವಾಗಿ ಸಂಯೋಜಕರ ಹೆಸರು ನೋಡಿ ನಿಲ್ಲುತ್ತಾರೆ. ಕಂಡಕ್ಟರ್ (ವಾದ್ಯವೃಂದವನ್ನು ನಡೆಸುವವರು) ಯಾರು, ಯಾವ ವರ್ಷದ ಧ್ವನಿಮುದ್ರಣ ಎಂಬುದರ ಕಡೆ ಗಮನ ಹೋಗುವುದಿಲ್ಲ. ಓಟದ ಮಟ್ಟಿಗೆ ಮುಖ್ಯವಾದದ್ದು ಅದೇ. ಸ್ವರಲಿಪಿ ಒಂದೇ ಆದರೂ ಒಬ್ಬರ ಕೈಯಲ್ಲಿ ಕಾಲು ತಾನಾಗಿ ಏಳುತ್ತದೆ, ಇನ್ನೊಬ್ಬರಲ್ಲಿ ಹೆಜ್ಜೆ ಪದೇ ಪದೇ ತಪ್ಪುತ್ತದೆ. ವೇಗ ಹೆಚ್ಚೋ ಕಡಿಮೆಯೋ ಎಂಬುದಕ್ಕಿಂತ ಕಾಲಪ್ರಮಾಣ ನಿಲ್ಲುತ್ತದೆಯೋ ಇಲ್ಲವೋ ಎಂಬುದೇ ಇಲ್ಲಿ ಪ್ರಶ್ನೆ. ಬೀಥೋವನ್ ಅವರ ಏಳನೇ ಸಿಂಫನಿಯನ್ನು (ವಾದ್ಯವೃಂದಕ್ಕೆ ಬರೆದ ನಾಲ್ಕು ಭಾಗಗಳ ದೊಡ್ಡ ಕೃತಿ) ನಾಲ್ವರ ಧ್ವನಿಮುದ್ರಣದಲ್ಲಿ ಓಡಿ ನೋಡಿದರೆ ಇದು ಚೆನ್ನಾಗಿ ಗೊತ್ತಾಗುತ್ತದೆ.

ಈ ಕೃತಿ ಮೊದಲು ಸಭೆಯ ಮುಂದೆ ಬಂದದ್ದು 1813ರ ಡಿಸೆಂಬರ್ 8ರಂದು, ವಿಯೆನ್ನಾದಲ್ಲಿ, ಬೀಥೋವನ್ ಅವರದೇ ನಿರ್ದೇಶನದಲ್ಲಿ. 1817ರಲ್ಲಿ ಅವರು ಅಲ್ಲಿಯವರೆಗಿನ ಎಂಟೂ ಸಿಂಫನಿಗಳಿಗೆ ಮೆಟ್ರೊನೋಮ್ ಅಂಕಿಗಳನ್ನು, ಅಂದರೆ ನಿಮಿಷಕ್ಕೆ ಎಷ್ಟು ಘಾತ ಎಂಬ ಲೆಕ್ಕವನ್ನು, ಪ್ರಕಟಿಸಿದರು. ಓಟಗಾರರಿಗೆ ಆ ಅಂಕಿಗಳೇ ದೊಡ್ಡ ಉಪಕಾರ.

ಮೊದಲ ಭಾಗದ ವಿವಾಚೆಯನ್ನು, ಅಂದರೆ ನಿಧಾನ ಪೀಠಿಕೆಯ ನಂತರ ಬರುವ ಚುರುಕು ಗತಿಯ ಅಂಶವನ್ನು ನೋಡಿ. 6/8, ಅಂದರೆ ನಮ್ಮ ಲೆಕ್ಕದಲ್ಲಿ ತಿಶ್ರ ನಡೆ: ಆವರ್ತಕ್ಕೆ ಎರಡು ಘಾತ, ಘಾತಕ್ಕೆ ಮೂರು ಮಾತ್ರೆ. ಬೀಥೋವನ್ ಕೊಟ್ಟ ಅಂಕಿ ನಿಮಿಷಕ್ಕೆ 104 ಘಾತ. ಘಾತಕ್ಕೊಂದು ಹೆಜ್ಜೆಯಾದರೆ ಅದು ನಡಿಗೆ, ಎರಡು ಹೆಜ್ಜೆಯಾದರೆ 208, ಹವ್ಯಾಸಿ ಓಟಗಾರರ ಕಾಲಿಗೆ ಆಗದ ಮಾತು. ಆದರೆ ಆವರ್ತದ ಆರು ಮಾತ್ರೆಗಳನ್ನು ಎರಡೆರಡಾಗಿ ಹಿಡಿದು ಮೂರು ಹೆಜ್ಜೆ ಇಟ್ಟರೆ ನಿಮಿಷಕ್ಕೆ 156 ಹೆಜ್ಜೆ. ಆರಾಮದ ಓಟದಲ್ಲಿ ಬಹಳಷ್ಟು ಜನರ ಹೆಜ್ಜೆಗತಿ ಇದರ ಆಸುಪಾಸಿನಲ್ಲೇ ಇರುತ್ತದೆ. ಇನ್ನೊಂದು ಸೊಗಸೂ ಇದೆ. ಆವರ್ತಕ್ಕೆ ಮೂರೇ ಹೆಜ್ಜೆ ಆದ್ದರಿಂದ ಮೊದಲ ಘಾತ ಒಮ್ಮೆ ಎಡಗಾಲಿಗೆ, ಮುಂದಿನ ಸಲ ಬಲಗಾಲಿಗೆ ಬೀಳುತ್ತದೆ. ಸಮಸಂಖ್ಯೆಯ ತಾಳದಲ್ಲಿ ಹಾಗಲ್ಲ, ಒತ್ತೆಲ್ಲ ಒಂದೇ ಕಾಲಿಗೆ ಬೀಳುತ್ತಾ ಹೋಗುತ್ತದೆ.

ಇದನ್ನು ಮೊದಲು ಕೂತೇ ಅಭ್ಯಾಸ ಮಾಡಿಕೊಳ್ಳಬೇಕು: ಕೈಯಲ್ಲಿ ಎರಡು, ಕಾಲಲ್ಲಿ ಮೂರು. ಮೃದಂಗ ಕಲಿತವರಿಗೆ ಹೊಸದೇನಲ್ಲ. ನಿಮ್ಮ ಸಹಜ ಹೆಜ್ಜೆಗತಿ ತಿಳಿಯಲು ಓಡುವಾಗ ಬಲಗಾಲು ನೆಲ ಮುಟ್ಟುವುದನ್ನು 30 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ಅದು 150ಕ್ಕಿಂತ ಕೆಳಗೋ 165ಕ್ಕಿಂತ ಮೇಲೋ ಇದ್ದರೆ ಸಂಗೀತಕ್ಕಾಗಿ ಹೆಜ್ಜೆ ಬದಲಿಸಲು ಹೋಗಬೇಡಿ. ಬಲವಂತವಾಗಿ ಹೆಜ್ಜೆ ಹಿಗ್ಗಿಸಿದರೆ ಹಿಮ್ಮಡಿ ದೇಹಕ್ಕಿಂತ ಬಹಳ ಮುಂದೆ ಬೀಳುತ್ತದೆ, ಮೊಣಕಾಲು ಅದರ ಬೆಲೆ ತೆರುತ್ತದೆ.

ಈಗ ಕಂಡಕ್ಟರುಗಳ ವಿಷಯ. ಕಾರ್ಲೋಸ್ ಕ್ಲೈಬರ್ ಅವರು ವಿಯೆನ್ನಾ ಫಿಲ್‌ಹಾರ್ಮೊನಿಕ್ ವಾದ್ಯವೃಂದದ ಜೊತೆ 1975–76ರಲ್ಲಿ ಮಾಡಿದ ಧ್ವನಿಮುದ್ರಣ ನನ್ನ ಪ್ರಕಾರ ಓಟಕ್ಕೆ ಎಲ್ಲಕ್ಕಿಂತ ಮೇಲು. ವಿವಾಚೆ ಬೀಥೋವನ್ ಕೊಟ್ಟ ಅಂಕಿಯ ಹತ್ತಿರವೇ ನಿಲ್ಲುತ್ತದೆ. ಮೂರು ಮಾತ್ರೆಯ ಆ ಕುಣಿತದಲ್ಲಿ ನಡುವಿನ ಚಿಕ್ಕ ಸ್ವರವನ್ನು ಅನೇಕ ವಾದ್ಯವೃಂದಗಳು ನುಂಗಿಬಿಡುತ್ತವೆ, ಆಗ ತಿಶ್ರ ಸವೆದು ಚತುರಶ್ರದಂತೆ (ನಾಲ್ಕರ ನಡೆಯಂತೆ) ಕೇಳಿಸಿ ಹೆಜ್ಜೆ ಜಾರುತ್ತದೆ. ಕ್ಲೈಬರ್ ಅವರಲ್ಲಿ ಆ ಸ್ವರ ಕೊನೆಯವರೆಗೂ ಸ್ಪಷ್ಟ. ಮೊದಲ ಸುಮಾರು ನಾಲ್ಕು ನಿಮಿಷದ ನಿಧಾನ ಪೀಠಿಕೆಯನ್ನು ಮೈ ಬೆಚ್ಚಗಾಗಿಸುವ ನಡಿಗೆಗೆ ಬಿಡಿ. ಪೀಠಿಕೆಯ ಕೊನೆಯಲ್ಲಿ ಒಂದೇ ಸ್ವರವನ್ನು ಪಿಟೀಲುಗಳೂ ಕೊಳಲು-ಓಬೋಗಳೂ ಪರಸ್ಪರ ಕೈ ಬದಲಾಯಿಸುತ್ತಾ ನಿಲ್ಲುತ್ತವೆ, ಆಮೇಲೆ ಕೊಳಲು ರಾಗ ಎತ್ತಿಕೊಳ್ಳುತ್ತದೆ. ಓಟ ಶುರುವಾಗಬೇಕಾದ್ದು ಅಲ್ಲಿ. ಮೊದಲ ಮತ್ತು ಕೊನೆಯ ಭಾಗದಲ್ಲಿ ಸ್ವರಲಿಪಿ ಸೂಚಿಸುವ ಪುನರಾವರ್ತನೆಗಳನ್ನೂ ಕ್ಲೈಬರ್ ಬಿಡುವುದಿಲ್ಲ. ಒಟ್ಟು ಸುಮಾರು 39 ನಿಮಿಷ, ಕಿಲೋಮೀಟರಿಗೆ ಆರೂವರೆ ನಿಮಿಷದಲ್ಲಿ ಓಡುವವರಿಗೆ ಹೆಚ್ಚುಕಡಿಮೆ 6 ಕಿ.ಮೀ.

ಇದರಲ್ಲಿ ಒಂದು ತೊಡಕಿದೆ. ಕ್ಲೈಬರ್ ಮೊದಲನೇ ಪಿಟೀಲುಗಳನ್ನು ಎಡಕ್ಕೂ ಎರಡನೇ ಪಿಟೀಲುಗಳನ್ನು ಬಲಕ್ಕೂ ಕೂರಿಸುತ್ತಾರೆ. ಕೊನೆಯ ಭಾಗದಲ್ಲಿ ಇವೆರಡರ ಸವಾಲು-ಜವಾಬೇ ಜೀವಾಳ. ವಾಹನಗಳ ಭಯಕ್ಕೆ ಒಂದೇ ಕಿವಿಗೆ ಇಯರ್‌ಫೋನ್ ಹಾಕಿ ಓಡುವವರಿಗೆ (ಬೆಂಗಳೂರಿನ ರಸ್ತೆಯಲ್ಲಿ ಅದೇ ಸರಿ) ಅರ್ಧ ಸಂಭಾಷಣೆ ಮಂಕಾಗಿಬಿಡುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಕ್ಸೆಸಿಬಿಲಿಟಿಗೆ ಹೋಗಿ ಮೋನೋ ಆಡಿಯೊ ಆನ್ ಮಾಡಿದರೆ ಎರಡೂ ಒಂದೇ ಕಿವಿಗೆ ಬರುತ್ತವೆ.

ಹರ್ಬರ್ಟ್ ಫಾನ್ ಕರಾಯಾನ್ ಅವರ 1962ರ ಬರ್ಲಿನ್ ಫಿಲ್‌ಹಾರ್ಮೊನಿಕ್ ಧ್ವನಿಮುದ್ರಣದ ಗತಿಯೂ ಬಹುತೇಕ ಇಷ್ಟೇ ಚುರುಕು, ನಿಲುವೂ ಗಟ್ಟಿ. ಪುನರಾವರ್ತನೆಗಳನ್ನು ಬಿಟ್ಟಿರುವುದರಿಂದ ಸುಮಾರು 34 ನಿಮಿಷಕ್ಕೆ ಮುಗಿಯುತ್ತದೆ. 5 ಕಿ.ಮೀ. ಓಡುವವರಿಗೆ ಇದೇ ಹೆಚ್ಚು ಅನುಕೂಲ. ಕೊರತೆ ನಾದದ್ದು. ತಂತಿವಾದ್ಯಗಳು ನುಣುಪಾಗಿ ಒಂದಕ್ಕೊಂದು ಬೆರೆತು ಹೋಗುತ್ತವೆ. ಮನೆಯಲ್ಲಿ ಕೇಳಲು ಅದು ವೈಭವ, ಗಾಳಿ ಮತ್ತು ರಸ್ತೆಯ ಸದ್ದಿನ ನಡುವೆ ಘಾತದ ಅಂಚು ಮೊಂಡಾಗುತ್ತದೆ. ಕಿವಿ ಮುಚ್ಚದ ಬೋನ್ ಕಂಡಕ್ಷನ್ ಹೆಡ್‌ಫೋನಿನಲ್ಲಂತೂ ಡಬಲ್ ಬಾಸ್ ಪೂರ್ತಿ ಮಾಯ. ಟ್ರೆಡ್‌ಮಿಲ್ ಮೇಲೆ ಓಡುವವರು ಇದನ್ನು ಕಣ್ಣು ಮುಚ್ಚಿ ಆರಿಸಿಕೊಳ್ಳಬಹುದು.

ಆಟೊ ಕ್ಲೆಂಪರರ್ ಅವರ 1960ರ ಫಿಲ್‌ಹಾರ್ಮೋನಿಯಾ ಧ್ವನಿಮುದ್ರಣ ಬೇರೆಯೇ ಜಾತಿ. ಕಾಲಪ್ರಮಾಣ ಬಂಡೆಯಂತೆ ಅಲುಗುವುದಿಲ್ಲ, ಆದರೆ ಬಹಳ ನಿಧಾನ. ಮೂರು ಹೆಜ್ಜೆಯ ಲೆಕ್ಕ ಇಲ್ಲಿ ಓಟದ ಗತಿಯಿಂದ ಕೆಳಗಿಳಿಯುತ್ತದೆ. ಉದ್ದ ಓಟದ ಮರುದಿನದ ಚುರುಕು ನಡಿಗೆಗೆ, ಏರುದಾರಿ ಹತ್ತುವುದಕ್ಕೆ ಇದರಷ್ಟು ಒಳ್ಳೆಯ ಜೊತೆ ಇಲ್ಲ. ಮರದ ಗಾಳಿವಾದ್ಯಗಳು ಇಷ್ಟು ಬಿಡಿಬಿಡಿಯಾಗಿ ಮೇಲಿನ ಎರಡರಲ್ಲೂ ಕೇಳಿಸುವುದಿಲ್ಲ.

ಫುರ್ಟ್‌ವೆಂಗ್ಲರ್ (ವಿಯೆನ್ನಾ ಫಿಲ್‌ಹಾರ್ಮೊನಿಕ್, 1950) ಓಟಕ್ಕೆ ಬೇಡ. ಸಂಗೀತ ಉಬ್ಬಿದಂತೆ ಗತಿ ಏರುತ್ತದೆ, ತಿರುವಿನಲ್ಲಿ ತಗ್ಗುತ್ತದೆ. ಆ ಉಸಿರಾಟವೇ ಅವರ ದೊಡ್ಡತನ. ಹೆಜ್ಜೆ ಅದನ್ನು ಹಿಂಬಾಲಿಸಲು ಹೋದರೆ ಹೃದಯಬಡಿತ ಬೇಡದ ಕಡೆ ಏರುತ್ತದೆ. ಮನೆಯಲ್ಲಿ, ಕೂತು, ಪೂರ್ತಿ ಕೇಳಬೇಕಾದ ಧ್ವನಿಮುದ್ರಣ ಅದು.

ಉಳಿದ ಭಾಗಗಳಲ್ಲಿ ಎರಡನೆಯದು ಅಲೆಗ್ರೆಟೊ. ಬೀಥೋವನ್ ಅಂಕಿ 76, ಘಾತಕ್ಕೆರಡು ಹೆಜ್ಜೆಯಂತೆ 152. ಕ್ಲೈಬರ್ ಅವರಲ್ಲಿ ಸುಮಾರು 68, ಅಂದರೆ 136 ಹೆಜ್ಜೆ. ಓಟ ಕೊಂಚ ಸಡಿಲಿಸಿ ಉಸಿರು ಸರಿಮಾಡಿಕೊಳ್ಳಲು ಸಾಕು. ಆರಂಭದಲ್ಲಿ ವಿಯೋಲ, ಚೆಲ್ಲೊಗಳು ಮೆಲ್ಲಗೆ ನುಡಿಸುವುದು ರಸ್ತೆಯಲ್ಲಿ ಕೇಳಿಸುವುದೇ ಇಲ್ಲ. ಆಗ ವಾಲ್ಯೂಮ್ ಏರಿಸಬೇಡಿ, ಮುಂದೆ ಇಡೀ ವಾದ್ಯವೃಂದ ಸೇರಿಕೊಂಡಾಗ ಕಿವಿಗೆ ಹೊಡೆಯುತ್ತದೆ. ಮೂರನೆಯ ಭಾಗ ತಾನಾಗಿಯೇ ಇಂಟರ್ವಲ್ ಓಟ: ಅತಿವೇಗದ ಪ್ರೆಸ್ಟೊ ಮೂರು ಸಲ, ನಡುವೆ ಟ್ರಿಯೊ ಎಂಬ ನಿಧಾನದ ಅಂಶ ಎರಡು ಸಲ. ಇಲ್ಲಿ ಹೆಜ್ಜೆ ಕೂಡಿಸಲು ಹೋಗದೆ ಪ್ರೆಸ್ಟೊದಲ್ಲಿ ಜೋರು, ಟ್ರಿಯೊದಲ್ಲಿ ಮೆಲ್ಲಗೆ ಎಂದು ಶ್ರಮವನ್ನು ಮಾತ್ರ ಬದಲಿಸಿದರೆ ಸಾಕು. ಕೊನೆಯ ಭಾಗದ ಅಂಕಿ 72, ಅದನ್ನು ಇಮ್ಮಡಿಸಿದರೆ 144. ಕೇಳಲು ಅಷ್ಟು ಉಗ್ರವಾಗಿದ್ದರೂ ಹೆಜ್ಜೆಗತಿ ಕಡಿಮೆ. ಇಲ್ಲೇ ಹೆಚ್ಚಿನವರು ಮೋಸಹೋಗಿ ಅಳತೆ ಮೀರಿ ಓಡುತ್ತಾರೆ.

ಬೇರೆ ಸಂಯೋಜಕರಲ್ಲಿ ಮೆಂಡೆಲ್‌ಸನ್ ಅವರ ನಾಲ್ಕನೇ ಸಿಂಫನಿಯ (ಇಟಾಲಿಯನ್, 1833) ಮೊದಲ ಭಾಗ ಘಾತಕ್ಕೊಂದು ಹೆಜ್ಜೆಯಂತೆ 150ರಿಂದ 160ರೊಳಗೆ ಕೂಡುತ್ತದೆ. ಲೆಕ್ಕ ಬೇಡವೆನ್ನುವವರಿಗೆ ಇದೇ ಸುಲಭ. ಮಾಲರ್ ಪದೇ ಪದೇ ಗತಿ ಬದಲಿಸುವುದರಿಂದ ದೂರವಿಡಿ. ರಾವೆಲ್ ಅವರ ಬೊಲೆರೊ (1928) ಸುಮಾರು 15 ನಿಮಿಷ ಒಂದೇ ಗತಿ, ಅದೂ ಸಾವಕಾಶದ್ದು. 1930ರಲ್ಲಿ ಕಂಡಕ್ಟರ್ ಟೊಸ್ಕಾನಿನಿ ಅದನ್ನು ವೇಗವಾಗಿ ನುಡಿಸಿದಾಗ ರಾವೆಲ್ ಆಕ್ಷೇಪಿಸಿದ್ದರು. ಇಲ್ಲೂ ಶುರುವಿನ ಸಣ್ಣ ತಮಟೆಯ ಸದ್ದಿಗೆ ವಾಲ್ಯೂಮ್ ಹೊಂದಿಸಬಾರದು. ಮೊದಲು ಕೊನೆಯ ನಿಮಿಷ ಹಾಕಿ, ಕಿವಿಗೆ ಹಿತವಾಗುವಷ್ಟು ಇಟ್ಟುಕೊಂಡು, ಆಮೇಲೆ ಮೊದಲಿಂದ ಬಿಡಿ.

ಆ್ಯಪ್‌ನಲ್ಲಿ ಷಫಲ್, ಕ್ರಾಸ್‌ಫೇಡ್ ಎರಡೂ ಆಫ್ ಇರಲಿ. ಕ್ರಾಸ್‌ಫೇಡ್ ಆನ್ ಇದ್ದರೆ ಒಂದು ಭಾಗದ ಕೊನೆಯ ಸ್ವರದ ಮೇಲೆ ಮುಂದಿನ ಭಾಗ ಏರಿ ಕೂರುತ್ತದೆ. ವಾಲ್ಯೂಮ್ ನಾರ್ಮಲೈಸೇಶನ್ ಕೂಡ ಆಫ್ ಮಾಡಿ. ಕೆಲವು ಆ್ಯಪ್‌ಗಳು ಪ್ರತಿ ಟ್ರ್ಯಾಕನ್ನೂ ಬೇರೆಬೇರೆ ಅಳೆದು ಅಲೆಗ್ರೆಟೊವನ್ನೂ ಕೊನೆಯ ಭಾಗವನ್ನೂ ಒಂದೇ ಮಟ್ಟಕ್ಕೆ ತಂದುಬಿಡುತ್ತವೆ.