ಮೊದಲ ಸರ್ಫ್‌ಬೋರ್ಡ್‌ಗೆ 8 ಅಡಿಯ ವೇವ್‌ಸ್ಟಾರ್ಮ್ ಸಾಕೇ?

ಸರ್ಫಿಂಗ್ ಕಲಿಯಲು ಹೊರಟವರು ಮೊದಲ ಬೋರ್ಡ್ ಯಾವುದು ಎಂದು ಕೇಳಿದರೆ ನಮ್ಮ ಉತ್ತರ ಹೆಚ್ಚುಕಡಿಮೆ ಒಂದೇ: ಎಂಟಡಿಯ ಫೋಮ್ ಬೋರ್ಡ್. ಆ ಜಾತಿಯಲ್ಲಿ ಎಲ್ಲರಿಗೂ ಗೊತ್ತಿರುವುದು ಅಮೆರಿಕದ ಕಾಸ್ಟ್‌ಕೋ ಮಳಿಗೆಗಳ ಮೂಲಕ ಹೆಸರಾದ ವೇವ್‌ಸ್ಟಾರ್ಮ್. ಬಹಳ ವರ್ಷ 100 ಡಾಲರಿಗೇ ಸಿಗುತ್ತಿತ್ತು, ಈಗ ಬೆಲೆ ಏರಿದೆ. ಆದರೂ ರಾಳದ ಗಟ್ಟಿ ಹೊದಿಕೆಯ ಹೊಸ ಎಪಾಕ್ಸಿ ಬೋರ್ಡಿಗೆ ಕೊಡುವ ದುಡ್ಡಿನ ಮುಂದೆ ಅದು ಏನೂ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರು ವಾರದ ಸಾಮಾನು ತರಲು ಹೋದಾಗ ಬೇಸಿಗೆಯಲ್ಲಿ ಇದು ಸಾಲಾಗಿ ನಿಂತಿರುವುದನ್ನು ಕಂಡೇ ಇರುತ್ತಾರೆ. ಕೊಳ್ಳಬಹುದೇ ಎಂದರೆ, ಹೌದು, ಕೊಳ್ಳಬಹುದು. ಆದರೆ ಅದರ ಜೊತೆ ಬರುವ ಎರಡು ಸಾಮಾನುಗಳನ್ನು ನಂಬಿಕೊಂಡು ಆಳದ ನೀರಿಗೆ ಇಳಿಯಬೇಡಿ. ಅದು ಮುಂದೆ ಬರುತ್ತದೆ.

ಮೊದಲು ಅಳತೆ. ಉದ್ದ 8 ಅಡಿ, ಅಗಲ 22.5 ಇಂಚು, ದಪ್ಪ 3.25 ಇಂಚು, ಒಟ್ಟು ಗಾತ್ರ 86 ಲೀಟರ್. ಈ ನಾಲ್ಕರಲ್ಲಿ ಹೊಸಬರು ನೋಡಬೇಕಾದದ್ದು ಕೊನೆಯದನ್ನು. ಲೀಟರ್ ಎಂದರೆ ಬೋರ್ಡ್ ಎಷ್ಟು ತೇಲಿಸಬಲ್ಲದು ಎಂಬುದರ ಲೆಕ್ಕ. ಕಲಿಯುವವರಿಗೆ ಮೈತೂಕ ಎಷ್ಟು ಕಿಲೋ ಇದೆಯೋ ಕನಿಷ್ಠ ಅಷ್ಟು ಲೀಟರ್ ಬೇಕು, ಅದರ ಮೇಲೆ ಇಪ್ಪತ್ತು ಮೂವತ್ತು ಶೇಕಡಾ ಹೆಚ್ಚಿದ್ದರೆ ಇನ್ನೂ ಒಳ್ಳೆಯದು. 70 ಕಿಲೋ ತೂಗುವವರಿಗೆ 70ರಿಂದ 90 ಲೀಟರ್. ಹಾಗಾಗಿ 55ರಿಂದ 80 ಕಿಲೋ ಒಳಗಿನವರಿಗೆ ಈ ಬೋರ್ಡ್ ಸರಿಯಾಗಿ ಕೂಡುತ್ತದೆ. 85 ಕಿಲೋ ದಾಟಿದವರು 9 ಅಡಿಯ ಫೋಮ್ ಬೋರ್ಡನ್ನೇ ಹುಡುಕಿ. 45 ಕಿಲೋಗಿಂತ ಕಡಿಮೆಯಿರುವ ಮಕ್ಕಳಿಗೆ 7 ಅಡಿ ಸಾಕು. ಎಂಟಡಿಯದು ಅವರ ಕೈಗೆ ಅಗಲವಾಗಿ ಪ್ಯಾಡಲ್ ಮಾಡಲು, ಅಂದರೆ ಮಲಗಿ ಕೈಯಿಂದ ನೀರು ತಳ್ಳಲು, ತೋಳು ಎಟುಕುವುದಿಲ್ಲ.

ಪರಿಣತರು ಓಡಿಸುವ ಆರಡಿಯ ಚೂಪು ಮೂತಿಯ ಶಾರ್ಟ್‌ಬೋರ್ಡ್ 25ರಿಂದ 30 ಲೀಟರ್ ಇರುತ್ತದೆ. ಅದನ್ನು ಮೊದಲ ಬೋರ್ಡಾಗಿ ಕೊಂಡವರು ಏನು ಕಾಣುತ್ತಾರೆ? ಮಲಗಿದ ಕೂಡಲೇ ಅರ್ಧ ಮೈ ನೀರಿನೊಳಗೆ. ಎಷ್ಟು ಕೈ ಬೀಸಿದರೂ ವೇಗ ಬರುವುದಿಲ್ಲ, ಅಲೆ ಕೆಳಗಿನಿಂದ ಜಾರಿ ಮುಂದೆ ಹೋಗುತ್ತದೆ. ಅಲೆ ಹಿಡಿಯಬೇಕಾದರೆ ಬೋರ್ಡಿನ ವೇಗ ಅಲೆಯ ವೇಗಕ್ಕೆ ಹತ್ತಿರ ಬರಬೇಕು. ಉದ್ದ ಮತ್ತು ತೇಲುವಿಕೆ ಹೆಚ್ಚಿದ್ದಷ್ಟೂ ಅದೇ ಕೈಬಲಕ್ಕೆ ಹೆಚ್ಚು ವೇಗ. ಒಂದು ಗಂಟೆಯಲ್ಲಿ ಇಪ್ಪತ್ತು ಸಲ ಎದ್ದು ನಿಲ್ಲಲು ಅವಕಾಶ ಕೊಡುವ ಬೋರ್ಡ್ ಮತ್ತು ಎರಡು ಸಲ ಕೊಡುವ ಬೋರ್ಡ್, ಇವೆರಡರಲ್ಲಿ ಕಲಿಕೆ ಎಲ್ಲಿ ನಡೆಯುತ್ತದೆ ಎಂದು ಯೋಚಿಸಿ. ಅಂಗಡಿಯಲ್ಲಿ ಚಂದ ಕಾಣುವುದನ್ನು ಬಿಟ್ಟು, ಎಷ್ಟು ಅಲೆ ಹಿಡಿಸಿಕೊಡುತ್ತದೆ ಎಂದು ಕೇಳಿ ಬೋರ್ಡ್ ಆರಿಸಬೇಕು ಅನ್ನುವುದು ಇದಕ್ಕೇ.

ವೇವ್‌ಸ್ಟಾರ್ಮ್‌ನ ಒಳಗಿರುವುದು ಇಪಿಎಸ್, ಅಂದರೆ ಥರ್ಮೋಕೋಲ್ ಜಾತಿಯ ಹಗುರ ತಿರುಳು. ಅದು ನಡು ಮುರಿಯದಿರಲು ಉದ್ದಕ್ಕೂ ಮೂರು ಸ್ಟ್ರಿಂಗರ್ ಪಟ್ಟಿಗಳಿವೆ. ಮೇಲೆ ಮೆತ್ತನೆಯ ಫೋಮ್ ಹೊದಿಕೆ, ತಳಕ್ಕೆ ನುಣುಪಾದ ಪ್ಲಾಸ್ಟಿಕ್ ಹಾಳೆ. ತೂಕ ಸುಮಾರು 5 ಕಿಲೋ. ಮೂತಿ ಅಗಲವಾಗಿ ದುಂಡಗಿದೆ, ಹಾಗಾಗಿ ನೊರೆಯ ಅಲೆ ಹಿಂದಿನಿಂದ ಬಂದು ತಳ್ಳಿದಾಗ ಬೋರ್ಡ್ ಓಲಾಡದೆ ನೇರ ದಡದ ಕಡೆ ಓಡುತ್ತದೆ. ಮೊದಲ ತಿಂಗಳುಗಳಲ್ಲಿ ಬೇಕಿರುವುದು ಇಷ್ಟೇ.

ಮೆತ್ತಗಿದೆ ಎಂದು ಪೆಟ್ಟೇ ಆಗುವುದಿಲ್ಲ ಎಂದುಕೊಳ್ಳಬೇಡಿ. ಗಟ್ಟಿ ಬೋರ್ಡಿನ ಅಂಚು ತಲೆಗೆ ಬಡಿದರೆ ಹೊಲಿಗೆ ಬೀಳುತ್ತದೆ, ಫೋಮ್ ಆದರೆ ಬಹುತೇಕ ಬಾವಿನಲ್ಲಿ ಮುಗಿಯುತ್ತದೆ, ಅಷ್ಟೇ ವ್ಯತ್ಯಾಸ. ಸೊಂಟದ ನೀರಿನಲ್ಲಿ ನಿಂತಾಗ ಬೋರ್ಡನ್ನು ನಿಮಗೂ ಅಲೆಗೂ ನಡುವೆ ಅಡ್ಡಲಾಗಿ ಹಿಡಿದರೆ ಅಲೆ ಅದನ್ನು ನೇರ ಹೊಟ್ಟೆಗೋ ಹಲ್ಲಿಗೋ ತಂದು ಗುದ್ದುತ್ತದೆ. ಮೂತಿ ಅಲೆಯ ಕಡೆಗೆ, ಬೋರ್ಡ್ ಪಕ್ಕೆಯಲ್ಲಿ, ಇದು ಮೊದಲ ದಿನದ ಪಾಠ. ಕೆಳಗೆ ಬಿದ್ದಾಗ ನೀರಿನೊಳಗಿಂದ ಏಳುವ ಮೊದಲು ಎರಡೂ ತೋಳಲ್ಲಿ ತಲೆ ಮುಚ್ಚಿಕೊಳ್ಳುವುದು ಎರಡನೆಯದು.

ಈಗ ಕೊರತೆಗಳ ವಿಷಯ. ಮೊದಲನೆಯದು ಲೀಶ್, ಅಂದರೆ ಕಾಲಿಗೂ ಬೋರ್ಡಿಗೂ ಕಟ್ಟುವ ಹಗ್ಗ. ಈ ಬೆಲೆಯ ಬೋರ್ಡುಗಳ ಜೊತೆ ಪೆಟ್ಟಿಗೆಯಲ್ಲೇ ಬರುವ ಲೀಶ್‌ಗಳು ಬೇಗ ಹಿಗ್ಗಿ ಗುಂಗುರಾಗುತ್ತವೆ, ವೆಲ್ಕ್ರೋ ಪಟ್ಟಿ ಹಿಡಿತ ಬಿಡುತ್ತದೆ. ಎದೆಮಟ್ಟದ ನೀರಿನಲ್ಲಿ ನೊರೆ ಅಲೆಗೆ ಕಲಿಯುವಷ್ಟು ದಿನ ನಡೆಯುತ್ತದೆ, ಅದರಾಚೆ ಹೋಗುವ ಮೊದಲು ಬದಲಿಸಲೇಬೇಕು. ಕಾಲಿನಿಂದ ಲೀಶ್ ಕಿತ್ತುಹೋದರೆ ನೀವು ಬೋರ್ಡಿಲ್ಲದೆ ಈಜಬೇಕು, ಆ ಬೋರ್ಡ್ ದಡದಲ್ಲಿ ಆಡುವ ಮಕ್ಕಳ ಮೇಲೆ ಹೋಗುತ್ತದೆ. ಬೋರ್ಡಿನಷ್ಟೇ ಉದ್ದದ, ಅಂದರೆ 8 ಅಡಿಯ, 7 ಮಿಲಿಮೀಟರ್ ದಪ್ಪದ ಲೀಶ್ ಕೊಳ್ಳಿ. ಬೋರ್ಡಿನ ಕುಳಿಗೆ ಕಟ್ಟುವ ಚಿಕ್ಕ ದಾರ ಅಂಚನ್ನು ಮುಟ್ಟದಷ್ಟು ಗಿಡ್ಡವಿರಲಿ. ಉದ್ದ ಬಿಟ್ಟರೆ ಎಳೆತ ಬಿದ್ದಾಗಲೆಲ್ಲ ಆ ದಾರ ಫೋಮ್ ಅಂಚನ್ನು ಕುಯ್ದುಕೊಂಡು ಹೋಗುತ್ತದೆ, ಅಂಚಿಗೆ ಅಗಲ ಪಟ್ಟಿ ಮಾತ್ರ ತಾಗಬೇಕು. ಲೀಶ್ ಕಟ್ಟುವುದು ಹಿಂದೆ ಇಡುವ ಕಾಲಿಗೆ, ವೆಲ್ಕ್ರೋ ಕಾಲಿನ ಹೊರಬದಿಗೆ. ಯಾವುದು ಹಿಂಗಾಲು ಎಂದು ತಿಳಿಯದಿದ್ದರೆ ನುಣುಪು ನೆಲದ ಮೇಲೆ ಕಾಲುಚೀಲ ಹಾಕಿಕೊಂಡು ಓಡಿ ಜಾರಿ ನೋಡಿ. ಮುಂದೆ ಬಂದ ಕಾಲು ಮುಂಗಾಲು, ಉಳಿದದ್ದಕ್ಕೆ ಲೀಶ್.

ಎರಡನೆಯದು ಫಿನ್‌ಗಳು, ಅಂದರೆ ಬಾಲದ ಕಡೆ ತಳದಲ್ಲಿ ನಿಲ್ಲುವ ರೆಕ್ಕೆಗಳು. ಮೂರು ಪ್ಲಾಸ್ಟಿಕ್ ಫಿನ್‌ಗಳು ಬರುತ್ತವೆ, ಬೋರ್ಡಿನ ಮೇಲ್ಮೈಯಿಂದ ತೂರಿಸುವ ಸ್ಕ್ರೂಗಳು ಅವನ್ನು ಕೆಳಗೆ ಹಿಡಿದಿರುತ್ತವೆ. ಬಗ್ಗುವ ಪ್ಲಾಸ್ಟಿಕ್ ಆದ್ದರಿಂದ ಕಾಲಿಗೆ ಕುಯ್ಯುವುದಿಲ್ಲ, ಹೊಸಬರಿಗೆ ಅದು ಲಾಭವೇ. ತೊಂದರೆ ಬರುವುದು ಓರೆಯಾಗಿ ಅಲೆಯ ಮೈಮೇಲೆ ಓಡಿಸಲು ಶುರುಮಾಡಿದಾಗ. ತಿರುವಿನಲ್ಲಿ ಫಿನ್ ಬಾಗಿ ಬೋರ್ಡಿನ ಬಾಲ ಜಾರುತ್ತದೆ. ಸಾಮಾನ್ಯ ಅಂಗಡಿಯ ಎಫ್‌ಸಿಎಸ್, ಫ್ಯೂಚರ್ಸ್ ಎಂಬ ಹೆಸರಿನ ಫಿನ್‌ಗಳು ಇದರ ತೂತಿಗೆ ಕೂರುವುದಿಲ್ಲ, ಸ್ಕ್ರೂ ತೂರಿಸುವ ಬಗೆಯ ಗಟ್ಟಿ ಫಿನ್‌ಗಳನ್ನೇ ಕೇಳಿ ತರಬೇಕು. ಜೋಡಿಸುವಾಗ ಎರಡೂ ಮೈ ಉಬ್ಬಿರುವ ಫಿನ್ ನಡುವಿಗೆ. ಅಕ್ಕಪಕ್ಕದವು ಒಂದು ಮೈ ಚಪ್ಪಟೆ ಇದ್ದರೆ ಆ ಮೈ ಒಳಗೆ ನೋಡಬೇಕು, ಬಾಗು ಬಾಲದ ಕಡೆಗಿರಬೇಕು. ಸ್ಕ್ರೂ ಕೈಬಿಗಿಯಾಗಿ ಕೂತ ಮೇಲೆ ಕಾಲು ಸುತ್ತು ಸಾಕು. ಇನ್ನೂ ತಿರುಗಿಸಿದರೆ ಫೋಮ್ ಕುಸಿದು ಅಲ್ಲೊಂದು ತಗ್ಗಾಗುತ್ತದೆ, ಪ್ಲಾಸ್ಟಿಕ್ ಬಿರಿಯುತ್ತದೆ. ಸಡಿಲ ಬಿಟ್ಟರೆ ಸ್ಕ್ರೂ ಸಮುದ್ರದ ಪಾಲು, ಜೊತೆಗೆ ಅದೇ ತೂತಿನಿಂದ ತಿರುಳಿಗೆ ನೀರು ಇಳಿಯುತ್ತದೆ. ಪ್ರತಿ ಸಲ ನೀರಿಗಿಳಿಯುವ ಮೊದಲು ಮೂರೂ ಫಿನ್ ಹಿಡಿದು ಅಲುಗಾಡಿಸಿ ನೋಡುವುದು ಅಭ್ಯಾಸವಾಗಲಿ. ಒಂದೆರಡು ಹೆಚ್ಚುವರಿ ಸ್ಕ್ರೂ, ಒಂದು ಚಿಕ್ಕ ಸ್ಕ್ರೂಡ್ರೈವರ್ ಚೀಲದಲ್ಲಿದ್ದರೆ ಒಂದು ಬೆಳಗ್ಗೆ ಉಳಿಯುತ್ತದೆ.

ಬಾಳಿಕೆಯ ಬಗ್ಗೆ ಆಸೆ ಹೆಚ್ಚು ಇಟ್ಟುಕೊಳ್ಳಬೇಡಿ. ಫೋಮ್ ಬೋರ್ಡನ್ನು ಅತಿ ಹೆಚ್ಚು ಹಾಳುಮಾಡುವುದು ಬಿಸಿಲು. ಮುಚ್ಚಿದ ಕಾರಿನೊಳಗೆ ಅಥವಾ ಮರಳಿನ ಮೇಲೆ ಮಧ್ಯಾಹ್ನ ಬಿಟ್ಟರೆ ತಿರುಳಿನ ಗಾಳಿ ಹಿಗ್ಗಿ, ಅಂಟು ಬಿಟ್ಟು, ಹೊದಿಕೆ ಗುಳ್ಳೆಯೇಳುತ್ತದೆ. ಒಮ್ಮೆ ಗುಳ್ಳೆ ಬಂದರೆ ಒಳಗೆ ನೀರು ನಿಲ್ಲುತ್ತದೆ, ಬೋರ್ಡ್ ತಿಂಗಳಿಂದ ತಿಂಗಳಿಗೆ ಭಾರವಾಗುತ್ತದೆ. ಇನ್ನೊಂದು ಅಪಾಯ ದಡಕ್ಕೆ ತೀರ ಹತ್ತಿರ ಒಡೆಯುವ ಅಲೆ. ಮೂತಿ ಮುಳುಗಿ ಮರಳಿಗೆ ಚುಚ್ಚಿದಾಗ ಹಿಂದಿನಿಂದ ಅಲೆ ಒತ್ತಿ ಬೋರ್ಡ್ ಮಡಚಿ, ತಳದ ಪ್ಲಾಸ್ಟಿಕ್ಕಿನಲ್ಲಿ ಅಡ್ಡ ಸುಕ್ಕು ಬೀಳುತ್ತದೆ. ಸುಕ್ಕಿರುವ ಬೋರ್ಡ್ ತೇಲುತ್ತದೆ, ಆದರೆ ಮೊದಲಿನ ಓಟ ಇರುವುದಿಲ್ಲ. ಮನೆಗೆ ಬಂದ ಮೇಲೆ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಮಲಗಿಸಿಡಿ. ಬಾಲ ಊರಿ ಗೋಡೆಗೆ ಒರಗಿಸಬೇಡಿ, ಬಾಲದ ಫೋಮ್ ಜಜ್ಜಿಹೋಗುತ್ತದೆ. ಕಾರಿನ ಮೇಲೆ ಕಟ್ಟುವಾಗ ತಳ ಮೇಲಾಗಿ, ಫಿನ್ ಮುಂದಾಗಿ. ಪಟ್ಟಿಯನ್ನು ಬೋರ್ಡ್ ಜಾರದಷ್ಟು ಮಾತ್ರ ಬಿಗಿಯಿರಿ, ಮೈಬಲವೆಲ್ಲ ಹಾಕಿ ಎಳೆದರೆ ಅಂಚಿನಲ್ಲಿ ಶಾಶ್ವತ ತಗ್ಗು.

ಫೋಮ್ ಬೋರ್ಡಿಗೆ ವ್ಯಾಕ್ಸ್, ಅಂದರೆ ಕಾಲು ಜಾರದಿರಲು ಉಜ್ಜುವ ಮೇಣ, ಬೇಡ ಎಂಬ ಮಾತು ಅರ್ಧ ನಿಜ. ಹೊಸದರಲ್ಲಿ ಹೊದಿಕೆಯೇ ಹಿಡಿತ ಕೊಡುತ್ತದೆ, ಸನ್‌ಸ್ಕ್ರೀನ್ ಮತ್ತು ಬೆವರು ಮೆತ್ತಿಕೊಂಡ ಮೇಲೆ ಜಾರಲು ಶುರು. ಆಗ ಕಾಲಿಡುವ ಜಾಗಕ್ಕೆ ತೆಳ್ಳಗೆ ವ್ಯಾಕ್ಸ್ ಉಜ್ಜಿ. ಕ್ಯಾಲಿಫೋರ್ನಿಯಾದಲ್ಲಿ ಪೆಸಿಫಿಕಾದ ಲಿಂಡಾ ಮಾರ್, ಸಾಂಟಾ ಕ್ರೂಜ್‌ನ ಕೌವೆಲ್ಸ್‌ನಂಥ ತಣ್ಣೀರಿನ ಕಡೆ ಕೋಲ್ಡ್ ವ್ಯಾಕ್ಸ್, ಕರ್ನಾಟಕದ ಕರಾವಳಿಯ ಬೆಚ್ಚನೆಯ ನೀರಿಗೆ ಟ್ರಾಪಿಕಲ್ ವ್ಯಾಕ್ಸ್. ಅದಲುಬದಲಾದರೆ ಒಂದು ಕಡೆ ಕಲ್ಲಿನಂತೆ ಗಟ್ಟಿ, ಇನ್ನೊಂದು ಕಡೆ ಕರಗಿ ಎಣ್ಣೆ. ಹೊದಿಕೆ ಎದೆ ಹೊಟ್ಟೆಯ ಚರ್ಮವನ್ನು ಉಜ್ಜುತ್ತದೆ, ಬೆಚ್ಚನೆ ನೀರಿನಲ್ಲೂ ಉದ್ದ ತೋಳಿನ ರ‍್ಯಾಷ್ ಗಾರ್ಡ್ ಅಂಗಿ ಬೇಕೇಬೇಕು. ಉತ್ತರ ಕ್ಯಾಲಿಫೋರ್ನಿಯಾದಲ್ಲಿ 4/3 ಮಿಲಿಮೀಟರ್ ದಪ್ಪದ (ಮೈಗೆ 4, ಕೈಕಾಲಿಗೆ 3) ವೆಟ್‌ಸೂಟ್ ಇಲ್ಲದೆ ಇಳಿಯುವ ಮಾತೇ ಇಲ್ಲ. ಬೋರ್ಡ್ ಅಗ್ಗವಾಯಿತೆಂದು ಹಿಗ್ಗಿದವರು ವೆಟ್‌ಸೂಟಿನ ಖರ್ಚನ್ನೂ ಬಜೆಟ್ಟಿನಲ್ಲಿ ಸೇರಿಸಿಕೊಳ್ಳಬೇಕು, ಒಮ್ಮೊಮ್ಮೆ ಅದೇ ಬೋರ್ಡಿಗಿಂತ ಹೆಚ್ಚು.

ನೀರಿಗಿಳಿದ ಮೇಲೆ ಬೋರ್ಡ್ ನಿಮಗೆ ಹೊಂದಿತೋ ಇಲ್ಲವೋ ಎಂದು ತಿಳಿಯುವ ಪರೀಕ್ಷೆ ಸುಲಭ. ನಿಶ್ಚಲ ನೀರಿನಲ್ಲಿ ಮಲಗಿ, ಎದೆ ಸ್ವಲ್ಪ ಎತ್ತಿ. ಮೂತಿ ನೀರಿನಿಂದ ಎರಡು ಮೂರು ಇಂಚು ಮೇಲಿದ್ದರೆ ನೀವು ಸರಿ ಜಾಗದಲ್ಲಿದ್ದೀರಿ. ಮೂತಿ ಮುಳುಗಿದರೆ ನಾಲ್ಕು ಬೆರಳು ಹಿಂದೆ ಸರಿಯಿರಿ, ಆಕಾಶ ನೋಡುತ್ತಿದ್ದರೆ ಮುಂದೆ. ಸಿಕ್ಕ ಜಾಗದಲ್ಲಿ ಗಲ್ಲದ ನೇರಕ್ಕೆ ವ್ಯಾಕ್ಸಿನಿಂದ ಒಂದು ಗೆರೆ ಎಳೆದುಕೊಂಡರೆ ಪ್ರತಿ ಸಲ ಹುಡುಕಬೇಕಿಲ್ಲ. ಎಲ್ಲಿ ಮಲಗಿದರೂ ಬೋರ್ಡ್ ಮುಳುಗಿಯೇ ಇದ್ದರೆ ಅದು ನಿಮ್ಮ ತೂಕಕ್ಕೆ ಸಣ್ಣದು, ಅಭ್ಯಾಸದಿಂದ ಸರಿಹೋಗುವಂಥದ್ದಲ್ಲ.

ಇಷ್ಟು ತೇಲುವ ಬೋರ್ಡನ್ನು ಅಲೆಯ ಕೆಳಗೆ ಒತ್ತಿ ದಾಟಲು ಆಗುವುದಿಲ್ಲ. ಅದಕ್ಕೆ ಟರ್ಟಲ್ ರೋಲ್ ಕಲಿಯಬೇಕು: ನೊರೆ ಎರಡು ಮೂರು ಮೀಟರ್ ದೂರವಿರುವಾಗ ಎರಡೂ ಅಂಚುಗಳನ್ನು ಎದೆಯ ಮಟ್ಟದಲ್ಲಿ ಬಿಗಿಯಾಗಿ ಹಿಡಿದು, ಬೋರ್ಡ್ ಸಮೇತ ಮಗುಚಿ, ಅದನ್ನು ಮೈಗೆ ಎಳೆದುಕೊಳ್ಳಿ. ಅಲೆ ದಾಟಿದ ಮೇಲೆ ಮತ್ತೆ ಮಗುಚಿ. ಮೂತಿ ನೇರ ಅಲೆಗೆ ಎದುರಿಲ್ಲದಿದ್ದರೆ ಬೋರ್ಡ್ ಕೈಯಿಂದ ಕಿತ್ತುಹೋಗುತ್ತದೆ. ಹಿಂದೆ ಯಾರಾದರೂ ಇದ್ದರೆ ಬೋರ್ಡ್ ಬಿಟ್ಟು ಮುಳುಗುವ ಅಭ್ಯಾಸ ಮಾತ್ರ ಬೇಡ.

ಕರ್ನಾಟಕದಲ್ಲಿರುವವರು ವೇವ್‌ಸ್ಟಾರ್ಮನ್ನೇ ತರಿಸಬೇಕೆಂದು ಹಟ ಹಿಡಿಯಬೇಕಿಲ್ಲ. ಎಂಟಡಿಯ ಸಾಮಾನಿಗೆ ವಿಮಾನದ ಬಾಡಿಗೆ, ಸುಂಕ ಸೇರಿದರೆ ಅಗ್ಗದ ಬೋರ್ಡ್ ಅಗ್ಗವಾಗಿ ಉಳಿಯುವುದಿಲ್ಲ. ಡೆಕಾತ್ಲಾನ್‌ನ ಒಲಾಯನ್ ಫೋಮ್ ಬೋರ್ಡುಗಳು ಇದೇ ಜಾತಿಯವು, ಲೀಟರ್ ಲೆಕ್ಕ ನೋಡಿ ಕೊಂಡರೆ ಕೆಲಸ ಅದೇ. ಇನ್ನೂ ಒಳ್ಳೆಯ ದಾರಿ, ಮುಲ್ಕಿಯ ಮಂತ್ರ ಸರ್ಫ್ ಕ್ಲಬ್‌ನಂಥ ಶಾಲೆಯಲ್ಲಿ ಅವರ ಬೋರ್ಡಿನಲ್ಲೇ ಮೊದಲ ಪಾಠಗಳನ್ನು ಮುಗಿಸುವುದು. ಅಲ್ಲಿ ಬೇರೆ ಬೇರೆ ಉದ್ದದವನ್ನು ಏರಿ ನೋಡಿದರೆ ನಿಮಗೆ ಎಂಟಡಿ ಬೇಕೋ ಒಂಬತ್ತೋ ದುಡ್ಡು ಖರ್ಚಾಗುವ ಮೊದಲೇ ಗೊತ್ತಾಗುತ್ತದೆ. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದ ಸಸಿಹಿತ್ಲು ಅಲ್ಲಿಂದ ಹತ್ತಿರವೇ. ಆದರೆ ಸ್ಪರ್ಧಿಗಳಿಗೆ ಬೇಕಾಗುವ ಮುಂಗಾರಿನ ಹೊಸ್ತಿಲ ಅಲೆ ಹೊಸಬರದ್ದಲ್ಲ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳೇ ದಡದಲ್ಲಿರುತ್ತವೆ, ಫೋಮ್ ಬೋರ್ಡೂ ಮನೆಯಲ್ಲಿರಲಿ. ಮಳೆಗಾಲ ಇಳಿದ ಮೇಲೆ ಸೊಂಟದೆತ್ತರದ ಮೆಲ್ಲನೆಯ ಅಲೆ ಈ ಬೋರ್ಡಿಗೆ ಹೇಳಿ ಮಾಡಿಸಿದ್ದು. ನದಿ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ಮಾತ್ರ ಸ್ಥಳೀಯರನ್ನು ಕೇಳದೆ ಇಳಿಯಬೇಡಿ, ಇಳಿತದ ಹೊತ್ತಿನಲ್ಲಿ ಹೊಳೆಯ ಸೆಳೆತ ಪ್ಯಾಡಲ್ ಮಾಡಿ ಗೆಲ್ಲುವಂಥದ್ದಲ್ಲ.

ಹಳೆಯದು ಸಿಕ್ಕರೆ ಕೊಳ್ಳಬಹುದು, ಕಲಿತು ಮುಂದೆ ಹೋದವರು ಮಾರುತ್ತಲೇ ಇರುತ್ತಾರೆ. ಮೊದಲು ಎತ್ತಿ ನೋಡಿ. 5 ಕಿಲೋ ಇರಬೇಕಾದ್ದು ಏಳೆಂಟು ಅನ್ನಿಸಿದರೆ ಒಳಗೆ ನೀರಿದೆ. ಬಾಲ ಕೆಳಗೆ ಮಾಡಿ ಐದು ನಿಮಿಷ ಹಿಡಿದರೆ ಫಿನ್ ತೂತಿನಿಂದ ತೊಟ್ಟಿಕ್ಕುತ್ತದೆ. ಮೇಲ್ಮೈಯನ್ನು ಹೆಬ್ಬೆರಳಿನಿಂದ ಅಂಗುಲ ಅಂಗುಲ ಒತ್ತುತ್ತ ಹೋಗಿ, ಹೊದಿಕೆ ತಿರುಳಿನಿಂದ ಬಿಟ್ಟಿದ್ದರೆ ಅಲ್ಲಿ ಪೊಳ್ಳು ಸಿಗುತ್ತದೆ. ಮಗುಚಿ, ಬೆಳಕಿಗೆ ಓರೆ ಹಿಡಿದು, ತಳದಲ್ಲಿ ಅಡ್ಡ ಸುಕ್ಕಿದೆಯೇ ನೋಡಿ. ಸುಕ್ಕು ಅಥವಾ ನೀರು ಎರಡರಲ್ಲಿ ಒಂದಿದ್ದರೂ ಎಷ್ಟು ಕಡಿಮೆ ಹೇಳಿದರೂ ಬಿಟ್ಟುಬಿಡಿ. ಗೀರು, ಮಾಸಿದ ಬಣ್ಣ, ಸವೆದ ಲೀಶ್ ಇವುಗಳಿಗೆ ಹೆದರಬೇಕಿಲ್ಲ, ಚೌಕಾಸಿಗೆ ಒದಗುತ್ತವೆ.